ತಲೆಗೆ ಪೆಟ್ಟಾದ ಮಗುವಿಗೆ ಕತ್ತಲೆ ಕೋಣೆ ಬೇಡ, ಅಳತೆಯ ನಡಿಗೆ ಬೇಕು

ಶಾಲೆಯ ಮೈದಾನದಲ್ಲಿ ಕಬಡ್ಡಿ ಪಂದ್ಯ. ರೈಡ್‌ಗೆ ಹೋದ ಹದಿಮೂರರ ಬಾಲಕನನ್ನು ಹಿಡಿಯುವ ಭರದಲ್ಲಿ ಎದುರಾಳಿಯ ಮೊಣಕಾಲು ಅವನ ತಲೆಗೆ ಬಡಿಯುತ್ತದೆ. ಬಾಲಕ ಕುಸಿದು ಕೂರುತ್ತಾನೆ. ಪ್ರಜ್ಞೆ ತಪ್ಪಿಲ್ಲ, ರಕ್ತ ಬಂದಿಲ್ಲ. ಮುಖಕ್ಕೆ ನೀರು ಚಿಮುಕಿಸುತ್ತಾರೆ. 'ಏನೂ ಆಗಿಲ್ಲ, ಏಳೋ' ಎನ್ನುತ್ತಾರೆ. ಎರಡೇ ನಿಮಿಷದಲ್ಲಿ ಅವನು ಮತ್ತೆ ಅಂಕಣದೊಳಗಿರುತ್ತಾನೆ.

ಅದೇ ಬಾಲಕ ಸಂಜೆ ಮನೆಗೆ ಬಂದು ತಲೆನೋವು, ಬೆಳಕು ಕಂಡರಾಗದು ಎಂದಾಗ ದೃಶ್ಯ ತಿರುಗುಮುರುಗಾಗುತ್ತದೆ. ಗಾಬರಿಗೊಂಡ ಪೋಷಕರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಸ್ಕ್ಯಾನ್‌ನಲ್ಲಿ ಏನೂ ಕಾಣದು. 'ಚೆನ್ನಾಗಿ ವಿಶ್ರಾಂತಿ ಕೊಡಿ' ಎಂಬ ಒಂದು ಸಾಲಿನ ಸಲಹೆಯೊಂದಿಗೆ ಮನೆಗೆ ಮರಳುತ್ತಾರೆ. ಶಾಲೆ ಬಂದ್, ಆಟ ಬಂದ್, ಗೆಳೆಯರು ಬಂದ್. ಕಿಟಕಿಯ ಪರದೆ ಎಳೆದು ಮಲಗಿಸಿದರೆ ಮಗು ವಾರಗಟ್ಟಲೆ ಹಾಸಿಗೆಯಲ್ಲೇ ಉಳಿಯುತ್ತದೆ.

ಮೊದಲನೆಯದು ಅಪಾಯಕಾರಿ ಎಂಬುದು ಹಲವರಿಗೆ ಗೊತ್ತು. ಎರಡನೆಯದೂ ತಪ್ಪು ಎಂಬುದು ಕಳೆದ ಒಂದು ದಶಕದಲ್ಲಿ ವೈದ್ಯವಿಜ್ಞಾನ ಕಂಡುಕೊಂಡ ಸತ್ಯ. ಮಿದುಳು ಅದುರಿದ ಮಗು ಬೇಗ ಗುಣವಾಗಬೇಕಾದರೆ ಒಂದೆರಡು ದಿನದ ವಿಶ್ರಾಂತಿಯ ನಂತರ ಅದನ್ನು ನಡೆಸಬೇಕು, ಆದರೆ ಅಳೆದು ನಡೆಸಬೇಕು ಎಂಬುದು ಈಗಿನ ಸಲಹೆ. ಮೈದಾನದಿಂದ ಹೊರಗಿಡಬೇಕಾದಾಗ ಒಳಗೆ ಕಳಿಸುವುದು, ನಡೆಸಬೇಕಾದಾಗ ಮಲಗಿಸುವುದು ಎಂಬ ಈ ಎರಡು ತಪ್ಪುಗಳ ನಡುವೆ ನಮ್ಮ ಮಕ್ಕಳು ಸಿಲುಕಿದ್ದಾರೆ ಎಂಬುದೇ ಆತಂಕದ ಸಂಗತಿ.

ಸ್ಕ್ಯಾನ್‌ಗೆ ಕಾಣದ ಗಾಯ

ವೈದ್ಯರು 'ಕನ್‌ಕಷನ್' ಎಂದು ಕರೆಯುವುದು ಮಿದುಳಿಗಾಗುವ ಗಾಯಗಳಲ್ಲಿ ಸೌಮ್ಯ ಸ್ವರೂಪದ್ದು. ತಲೆಗೆ, ಮುಖಕ್ಕೆ, ಕುತ್ತಿಗೆಗೆ ಅಥವಾ ದೇಹದ ಬೇರೆಡೆಗೆ ಬಿದ್ದ ಪೆಟ್ಟಿನ ರಭಸ ತಲೆಗೆ ಸಾಗಿದಾಗ ಬುರುಡೆಯೊಳಗಿನ ಮಿದುಳು ಅದುರುತ್ತದೆ. ನರಕೋಶಗಳ ರಾಸಾಯನಿಕ ಸಮತೋಲನ ಕೆಲಕಾಲ ಕೆಡುತ್ತದೆ. ರಚನೆ ಮುರಿದಿರುವುದಿಲ್ಲ, ಕಾರ್ಯ ಏರುಪೇರಾಗಿರುತ್ತದೆ. ಆದ್ದರಿಂದಲೇ ಸಾಮಾನ್ಯ ಸಿ.ಟಿ. ಸ್ಕ್ಯಾನ್‌ನಲ್ಲಿ ಅದು ಕಾಣಿಸುವುದಿಲ್ಲ. ಇಂಥ ಪ್ರಕರಣಗಳಲ್ಲಿ ಪ್ರಜ್ಞೆ ತಪ್ಪುವವರು ಶೇಕಡ 10ಕ್ಕಿಂತ ಕಡಿಮೆ. 'ಪ್ರಜ್ಞೆ ತಪ್ಪಿಲ್ಲವಲ್ಲ, ಚಿಂತೆಯಿಲ್ಲ' ಎಂಬ ನಮ್ಮ ಸಾಮಾನ್ಯ ಲೆಕ್ಕಾಚಾರ ಇಲ್ಲೇ ದಾರಿ ತಪ್ಪುತ್ತದೆ.

ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ಮಂಕು, ಮರೆವು, ಸಿಡುಕು, ನಿದ್ದೆಯ ಏರುಪೇರು ಇದರ ಲಕ್ಷಣಗಳು. ಓದಿದ್ದು ತಲೆಗೆ ಹತ್ತುವುದಿಲ್ಲ. ಸ್ಕ್ಯಾನ್ ಸರಿಯಿದೆ ಎಂದ ಮೇಲೆ ಮಗುವಿನ ಮಾತನ್ನು ಮನೆಯವರು ನಂಬುವುದು ಕಷ್ಟ. ಶಾಲೆ ತಪ್ಪಿಸಲು ನೆಪ ಹೂಡುತ್ತಿದೆ ಎಂಬ ಶಂಕೆಗೂ ಮಗು ಗುರಿಯಾಗುತ್ತದೆ.

ಬಹುತೇಕ ಮಕ್ಕಳು ನಾಲ್ಕು ವಾರಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಆದರೆ ಎಲ್ಲರೂ ಅಲ್ಲ. ಕೆನಡಾದ ಒಂಬತ್ತು ಮಕ್ಕಳ ಆಸ್ಪತ್ರೆಗಳ ತುರ್ತು ಚಿಕಿತ್ಸಾ ಘಟಕಗಳಿಗೆ ಬಂದ 5ರಿಂದ 18 ವರ್ಷದೊಳಗಿನ ಮಕ್ಕಳನ್ನು ಒಟ್ಟಾವದ ಡಾ. ರೋಜರ್ ಝೆಮೆಕ್ ನೇತೃತ್ವದ ತಂಡ ಅಧ್ಯಯನಕ್ಕೆ ಒಳಪಡಿಸಿತ್ತು. 2016ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, 28 ದಿನಗಳ ನಂತರವೂ ಲಕ್ಷಣಗಳು ಉಳಿದುಕೊಂಡ ಮಕ್ಕಳ ಪ್ರಮಾಣ ಶೇಕಡ 31. ಅಂದರೆ ಹತ್ತರಲ್ಲಿ ಮೂರು ಮಕ್ಕಳಿಗೆ ತಿಂಗಳಾದರೂ ತೊಂದರೆ ತಪ್ಪಿದ್ದಲ್ಲ. ವ್ಯಾಯಾಮ ಚಿಕಿತ್ಸೆಯ ಚರ್ಚೆ ಮುಖ್ಯವಾಗಿ ಈ ಮೂರು ಮಕ್ಕಳ ಸಂಖ್ಯೆಯನ್ನು ಇಳಿಸುವುದು ಹೇಗೆ ಎಂಬುದರ ಸುತ್ತ ನಡೆದಿದೆ.

ಕತ್ತಲೆ ಕೋಣೆ ಬಂದದ್ದು ಎಲ್ಲಿಂದ?

ಕ್ರೀಡೆಯಲ್ಲಿ ಆಗುವ ಕನ್‌ಕಷನ್ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2001ರಲ್ಲಿ ವಿಯೆನ್ನಾದಲ್ಲಿ ನಡೆಯಿತು. ಮುಂದೆ 2008 ಮತ್ತು 2012ರಲ್ಲಿ ಜೂರಿಚ್‌ನಲ್ಲಿ ಸೇರಿದ ತಜ್ಞರು ಹೊರಡಿಸಿದ ಒಮ್ಮತದ ಹೇಳಿಕೆಗಳಲ್ಲಿ ದೇಹಕ್ಕೂ ಬುದ್ಧಿಗೂ ವಿಶ್ರಾಂತಿ ಎಂಬುದೇ ಚಿಕಿತ್ಸೆಯ ಮೂಲಾಧಾರವಾಗಿತ್ತು. ಗಾಯಗೊಂಡ ಮಿದುಳು ಶಕ್ತಿಯ ಕೊರತೆಯಲ್ಲಿರುತ್ತದೆ, ಅದಕ್ಕೆ ಹೊರೆ ಹೊರಿಸಬಾರದು ಎಂಬುದು ತರ್ಕ. ಜೊತೆಗೆ, ಮೊದಲ ಪೆಟ್ಟು ಮಾಯುವ ಮುನ್ನವೇ ಎರಡನೇ ಪೆಟ್ಟು ಬಿದ್ದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದೆಂಬ ಭಯವೂ ಇತ್ತು.

ತರ್ಕ ಸರಿಯಾಗಿಯೇ ಇತ್ತು. ಆದರೆ ಎಷ್ಟು ದಿನ ಎಂಬ ಪ್ರಶ್ನೆಗೆ ಗಟ್ಟಿ ಪುರಾವೆ ಇರಲಿಲ್ಲ. ಲಕ್ಷಣಗಳು ಪೂರ್ತಿ ಹೋಗುವವರೆಗೆ ಎಂಬ ಅರ್ಥ ಚಾಲ್ತಿಗೆ ಬಂತು. ಪಾಶ್ಚಾತ್ಯ ದೇಶಗಳಲ್ಲಿ ಮಕ್ಕಳನ್ನು ಕತ್ತಲೆ ಕೋಣೆಯಲ್ಲಿಟ್ಟು ಪುಸ್ತಕ, ಟಿ.ವಿ., ಗೆಳೆಯರಿಂದ ದೂರವಿಡುವ ಪದ್ಧತಿ ಬೆಳೆಯಿತು. ರೇಷ್ಮೆಗೂಡಿನೊಳಗಿನ ಹುಳುವಿಗೆ ಹೋಲಿಸಿ ಅದನ್ನು 'ಗೂಡು ಚಿಕಿತ್ಸೆ' ಎಂದೂ ಕರೆದರು.

ವಿಪರ್ಯಾಸವೆಂದರೆ, ಆರೋಗ್ಯವಂತ ಮಗುವನ್ನೇ ಹೀಗೆ ವಾರಗಟ್ಟಲೆ ಕೂಡಿಹಾಕಿದರೂ ಅದಕ್ಕೆ ತಲೆನೋವು, ನಿದ್ರಾಹೀನತೆ, ಸಿಡುಕು ಬರುವುದು ಸಹಜ. ಕನ್‌ಕಷನ್‌ನ ಲಕ್ಷಣ ಯಾವುದು, ಚಿಕಿತ್ಸೆಯೇ ತಂದಿಟ್ಟ ಲಕ್ಷಣ ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಯಿತು.

ತಿರುವು ಕೊಟ್ಟ ಅಧ್ಯಯನಗಳು

ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನ ತಂಡವೊಂದು ಈ ನಂಬಿಕೆಯನ್ನು ನೇರವಾಗಿ ಪರೀಕ್ಷೆಗೊಡ್ಡಿತು. 11ರಿಂದ 22 ವರ್ಷದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಐದು ದಿನಗಳ ಕಟ್ಟುನಿಟ್ಟಿನ ವಿಶ್ರಾಂತಿ, ಇನ್ನೊಂದಕ್ಕೆ ಒಂದೆರಡು ದಿನದ ವಿಶ್ರಾಂತಿಯ ನಂತರ ಹಂತಹಂತವಾಗಿ ಚಟುವಟಿಕೆ ಎಂದು ಸೂಚಿಸಲಾಯಿತು. ಕೊನೆಯವರೆಗೆ ಉಳಿದವರು 88 ಮಂದಿ. 2015ರಲ್ಲಿ ಫಲಿತಾಂಶ ಹೊರಬಿದ್ದಾಗ ಕಟ್ಟುನಿಟ್ಟಾಗಿ ಮಲಗಿದವರಲ್ಲೇ ಲಕ್ಷಣಗಳು ಹೆಚ್ಚಾಗಿದ್ದವು. ಅವು ಕಡಿಮೆಯಾದದ್ದೂ ನಿಧಾನವಾಗಿಯೇ.

ಮರುವರ್ಷ ಕೆನಡಾದ ತಂಡ ತನ್ನ ದೊಡ್ಡ ಅಧ್ಯಯನದ 2,413 ಮಕ್ಕಳ ಮಾಹಿತಿಯನ್ನು ಮತ್ತೊಂದು ಕೋನದಿಂದ ನೋಡಿತು. ಗಾಯವಾದ ಏಳು ದಿನಗಳೊಳಗೆ ಏನಾದರೂ ದೈಹಿಕ ಚಟುವಟಿಕೆ ಆರಂಭಿಸಿದವರಲ್ಲಿ ಶೇಕಡ 24.6 ಮಕ್ಕಳಿಗೆ ಮಾತ್ರ 28ನೇ ದಿನ ಲಕ್ಷಣಗಳು ಉಳಿದಿದ್ದವು. ಏನನ್ನೂ ಮಾಡದೆ ಇದ್ದವರಲ್ಲಿ ಈ ಪ್ರಮಾಣ ಶೇಕಡ 43.5.

ಆದರೆ ಇಲ್ಲೊಂದು ಸಂದೇಹ ಏಳುವುದು ಸಹಜ. ಓಡಾಡಿದ್ದರಿಂದ ಮಕ್ಕಳು ಗುಣವಾದರೋ, ಬೇಗ ಗುಣವಾಗುತ್ತಿದ್ದ ಮಕ್ಕಳೇ ಓಡಾಡಿದರೋ? ಎರಡು ಗುಂಪುಗಳ ವ್ಯತ್ಯಾಸಗಳನ್ನು ಸರಿದೂಗಿಸಿ ಲೆಕ್ಕ ಹಾಕಿದಾಗಲೂ ಚಟುವಟಿಕೆಯ ಪರವಾಗಿಯೇ ಉತ್ತರ ಬಂತು. ಆದರೂ ಅಂತರ ಕಿರಿದಾಯಿತು: ಶೇಕಡ 28.7 ಮತ್ತು 40.1. ಸಂದೇಹ ಪೂರ್ತಿ ಬಗೆಹರಿಯಬೇಕಾದರೆ ವ್ಯಾಯಾಮವನ್ನು ಔಷಧಿಯಂತೆ ಪ್ರಮಾಣ ನಿಗದಿಪಡಿಸಿ ಕೊಟ್ಟು ನೋಡಬೇಕಿತ್ತು. ಆ ಕೆಲಸ ನಡೆದದ್ದು ನ್ಯೂಯಾರ್ಕ್ ರಾಜ್ಯದ ಬಫೆಲೊ ನಗರದಲ್ಲಿ.

ಬಫೆಲೊ ಪ್ರಯೋಗ

ಬಫೆಲೊ ವಿಶ್ವವಿದ್ಯಾಲಯದ ಡಾ. ಜಾನ್ ಲೆಡ್ಡಿ ಮತ್ತು ಬ್ಯಾರಿ ವಿಲ್ಲರ್ ಬಹುಕಾಲದಿಂದ ಹೇಳುತ್ತ ಬಂದದ್ದು ಇಷ್ಟು: ಕನ್‌ಕಷನ್ ಆದಾಗ ಹೃದಯ ಬಡಿತ, ರಕ್ತದೊತ್ತಡ, ಮಿದುಳಿನ ರಕ್ತಸಂಚಾರಗಳನ್ನು ತಾನಾಗಿ ನಿಯಂತ್ರಿಸುವ ನರವ್ಯವಸ್ಥೆ ಲಯ ತಪ್ಪುತ್ತದೆ. ಆದ್ದರಿಂದಲೇ ಸ್ವಲ್ಪ ಓಡಿದರೂ ಮಗುವಿಗೆ ತಲೆ ಸಿಡಿಯುತ್ತದೆ. ಲಕ್ಷಣಗಳು ಉಲ್ಬಣಿಸದ ಮಟ್ಟದಲ್ಲಿ ನಿತ್ಯ ಲಘು ವ್ಯಾಯಾಮ ಮಾಡಿಸಿದರೆ ಈ ವ್ಯವಸ್ಥೆ ಮತ್ತೆ ಹಳಿಗೆ ಬರುತ್ತದೆ.

ಆ ಮಟ್ಟವನ್ನು ಕಂಡುಕೊಳ್ಳಲು ಅವರು ರೂಪಿಸಿದ್ದೇ 'ಬಫೆಲೊ ಕನ್‌ಕಷನ್ ಟ್ರೆಡ್‌ಮಿಲ್ ಪರೀಕ್ಷೆ'. ಮಗುವನ್ನು ಟ್ರೆಡ್‌ಮಿಲ್ ಮೇಲೆ ಚುರುಕು ನಡಿಗೆಯ ವೇಗದಲ್ಲಿ ನಡೆಸುತ್ತಾರೆ. ವೇಗ ಬದಲಿಸದೆ ನಿಮಿಷಕ್ಕೊಮ್ಮೆ ಪಟ್ಟಿಯ ಏರನ್ನು ಶೇಕಡ ಒಂದರಷ್ಟು ಹೆಚ್ಚಿಸುತ್ತಾರೆ. ಪ್ರತಿ ನಿಮಿಷ ನಾಡಿ ಬಡಿತ ಗುರುತಿಸಿಕೊಂಡು, ಹೇಗನ್ನಿಸುತ್ತಿದೆ ಎಂದು ಸೊನ್ನೆಯಿಂದ ಹತ್ತರ ಅಂಕದಲ್ಲಿ ಹೇಳಿಸುತ್ತಾರೆ. ತಲೆನೋವೋ ತಲೆಸುತ್ತೋ ಎದ್ದುಕಾಣುವಷ್ಟು ಹೆಚ್ಚಿದ ಕ್ಷಣ ಯಂತ್ರ ನಿಲ್ಲುತ್ತದೆ. ಆಗಿನ ನಾಡಿ ಬಡಿತವೇ ಆ ಮಗುವಿನ ಮಿತಿ.

ಉದಾಹರಣೆಗೆ, ನಿಮಿಷಕ್ಕೆ 150 ಬಡಿತ ತಲುಪಿದಾಗ ತಲೆನೋವು ಏರಿತು ಎನ್ನೋಣ. ಅದರ ಶೇಕಡ 80, ಅಂದರೆ 120 ಬಡಿತದ ಮಟ್ಟದಲ್ಲಿ ದಿನಕ್ಕೆ 20 ನಿಮಿಷ ನಡಿಗೆ ಅಥವಾ ನಿಂತಲ್ಲೇ ಸೈಕಲ್ ತುಳಿತ. ಕೆಲವು ದಿನಗಳ ನಂತರ ಮರುಪರೀಕ್ಷೆ. ಮಿತಿ ಮೇಲೇರಿದ್ದರೆ ವ್ಯಾಯಾಮದ ಪ್ರಮಾಣವೂ ಏರುತ್ತದೆ. ಮಗುವಿಗೆ ಎಷ್ಟು ನಡಿಗೆ ಎಂಬುದು ಊಹೆಯಿಂದಲ್ಲ, ಅಳತೆಯಿಂದ ತೀರ್ಮಾನವಾಗುತ್ತದೆ ಎಂಬುದೇ ಇಲ್ಲಿಯ ವಿಶೇಷ.

2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 13ರಿಂದ 18 ವರ್ಷದ 103 ಕ್ರೀಡಾಪಟುಗಳಿದ್ದರು. ಎಲ್ಲರೂ ಗಾಯವಾದ ಹತ್ತು ದಿನಗಳೊಳಗೆ ಬಂದವರು. 52 ಮಂದಿಗೆ ಮೇಲೆ ಹೇಳಿದ ವ್ಯಾಯಾಮ, 51 ಮಂದಿಗೆ ಹೃದಯ ಬಡಿತ ಏರಿಸದ, ಮೈಕೈ ಚಾಚುವ ವ್ಯಾಯಾಮ. ಮೊದಲ ಗುಂಪಿನ ಅರ್ಧದಷ್ಟು ಮಕ್ಕಳು 13 ದಿನಗಳೊಳಗೆ ಚೇತರಿಸಿಕೊಂಡರೆ, ಎರಡನೇ ಗುಂಪಿಗೆ ಅದಕ್ಕೆ 17 ದಿನ ಬೇಕಾಯಿತು.

ನಾಲ್ಕು ದಿನದ ಲಾಭಕ್ಕೆ ಇಷ್ಟೆಲ್ಲ ಸದ್ದೇಕೆ ಎನ್ನಬಹುದು. ಉತ್ತರ ಸಿಕ್ಕಿದ್ದು 2021ರಲ್ಲಿ. ಬಫೆಲೊ, ಫಿಲಡೆಲ್ಫಿಯಾ ಮತ್ತು ಬಾಸ್ಟನ್‌ಗಳಲ್ಲಿ ಒಟ್ಟು 118 ಹದಿಹರೆಯದ ಕ್ರೀಡಾಪಟುಗಳ ಮೇಲೆ ನಡೆದ ಪ್ರಯೋಗದಲ್ಲಿ, ವ್ಯಾಯಾಮ ಮಾಡಿದವರಿಗೆ ನಾಲ್ಕು ವಾರ ದಾಟಿದರೂ ಲಕ್ಷಣಗಳು ಉಳಿಯುವ ಸಂಭವ ಶೇಕಡ 48ರಷ್ಟು ತಗ್ಗಿತು. ಮೊದಲು ಹೇಳಿದ ಹತ್ತರಲ್ಲಿ ಮೂರು ಮಕ್ಕಳ ಪಾಲಿಗೆ ಈ ಅಂಕಿ ಬಹು ದೊಡ್ಡದು. ತಿಂಗಳುಗಟ್ಟಲೆ ತಲೆನೋವಿನೊಂದಿಗೆ ತರಗತಿಯಲ್ಲಿ ಕೂರುವುದಕ್ಕೂ, ಎರಡು ವಾರಕ್ಕೆ ಗೆಳೆಯರ ನಡುವೆ ಮರಳುವುದಕ್ಕೂ ಇರುವ ಅಂತರ ಅದು.

ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಬದಲಾದ ಮಾತು

2018ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮಕ್ಕಳಿಗಾಗಿಯೇ ಹೊರತಂದ ಮಾರ್ಗಸೂಚಿ, ಎರಡು ಮೂರು ದಿನ ಮೀರಿದ ಸಂಪೂರ್ಣ ವಿಶ್ರಾಂತಿ ಬೇಡ ಎಂದಿತು. ಎಲ್ಲ ಮಕ್ಕಳಿಗೂ ವಾಡಿಕೆಯಂತೆ ಸ್ಕ್ಯಾನ್ ಮಾಡಿಸುವುದೂ ಬೇಡ ಎಂದಿತು. 2022ರ ಅಕ್ಟೋಬರ್‌ನಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿ, 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಹೇಳಿಕೆ ಇನ್ನೂ ಸ್ಪಷ್ಟವಾಗಿದೆ. ಕಟ್ಟುನಿಟ್ಟಿನ ವಿಶ್ರಾಂತಿಯಿಂದ ಲಾಭವಿಲ್ಲ. ಮೊದಲ 24ರಿಂದ 48 ಗಂಟೆ ಮನೆಯೊಳಗಿನ ಸಾಮಾನ್ಯ ಓಡಾಟವಿರಲಿ, ನಂತರ ನಡಿಗೆಯಂಥ ಲಘು ವ್ಯಾಯಾಮ ಆರಂಭವಾಗಲಿ ಎಂಬುದು ಅದರ ಸಾರ. ವ್ಯಾಯಾಮದ ವೇಳೆ ತಲೆನೋವು ಹತ್ತರ ಅಂಕದಲ್ಲಿ ಎರಡರಷ್ಟು ಹೆಚ್ಚಿ, ಒಂದು ಗಂಟೆಯೊಳಗೆ ಇಳಿದರೆ ಗಾಬರಿಯಾಗಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ಅಂದಿಗೆ ನಿಲ್ಲಿಸಿ ಮರುದಿನ ಮುಂದುವರಿಸಬೇಕು.

ಹಾಗೆಂದ ಮಾತ್ರಕ್ಕೆ ಮಗುವನ್ನು ಮೈದಾನಕ್ಕೆ ಬಿಟ್ಟುಬಿಡಿ ಎಂದು ಯಾರೂ ಹೇಳುತ್ತಿಲ್ಲ. ವ್ಯಾಯಾಮ ಬೇರೆ, ಆಟ ಬೇರೆ. ಈ ವ್ಯತ್ಯಾಸವೇ ಇಡೀ ಚಿಕಿತ್ಸೆಯ ತಿರುಳು. ನಡಿಗೆಯಲ್ಲಿ, ನಿಂತಲ್ಲೇ ತುಳಿಯುವ ಸೈಕಲ್‌ನಲ್ಲಿ ತಲೆಗೆ ಮತ್ತೆ ಪೆಟ್ಟು ಬೀಳುವ ಭಯವಿಲ್ಲ. ಕಬಡ್ಡಿ, ಫುಟ್‌ಬಾಲ್, ಹಾಕಿಯಲ್ಲಿ ಇದೆ. ಆ್ಯಮ್‌ಸ್ಟರ್‌ಡ್ಯಾಮ್ ಹೇಳಿಕೆಯ ಆರು ಹಂತಗಳ ಏಣಿಯಲ್ಲಿ ಮೊದಲಿಗೆ ದಿನನಿತ್ಯದ ಕೆಲಸ, ನಂತರ ಲಘು ಹಾಗೂ ಮಧ್ಯಮ ವ್ಯಾಯಾಮ, ಬಳಿಕ ಒಂಟಿಯಾಗಿ ಮಾಡುವ ಆಟದ ಅಭ್ಯಾಸ ಬರುತ್ತವೆ. ತಂಡದೊಂದಿಗಿನ ಅಭ್ಯಾಸ, ಮೈತಾಕುವ ಅಭ್ಯಾಸ, ಪಂದ್ಯ ಈ ಕೊನೆಯ ಮೂರು ಹಂತಗಳಿಗೆ ಲಕ್ಷಣಗಳು ಪೂರ್ತಿ ಹೋಗಿರಬೇಕು, ವೈದ್ಯರ ಒಪ್ಪಿಗೆಯೂ ಬೇಕು. ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ. ಬ್ರಿಟನ್ ಸರ್ಕಾರ 2023ರ ಏಪ್ರಿಲ್‌ನಲ್ಲಿ ತಳಮಟ್ಟದ ಕ್ರೀಡೆಗಾಗಿ ಹೊರಡಿಸಿದ ಮಾರ್ಗಸೂಚಿಯಂತೂ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಕಳೆಯಬೇಕೆನ್ನುತ್ತದೆ.

ಮೊಬೈಲ್ ವಿಚಾರದಲ್ಲಿ ಮಾತ್ರ ಹಳೆಯ ಎಚ್ಚರಿಕೆಗೆ ಬಲ ಬಂದಿದೆ. ಅಮೆರಿಕದಲ್ಲಿ 12ರಿಂದ 25 ವರ್ಷದ 125 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲ 48 ಗಂಟೆ ಮೊಬೈಲ್, ಟಿ.ವಿ., ಕಂಪ್ಯೂಟರ್‌ಗಳಿಂದ ದೂರವಿರಲು ಸೂಚಿಸಿದ್ದ ಗುಂಪಿನಲ್ಲಿ ಅರ್ಧದಷ್ಟು ಮಂದಿ ಮೂರೂವರೆ ದಿನದಲ್ಲಿ ಗುಣವಾದರು. ನೋಡಲು ಬಿಟ್ಟವರಿಗೆ ಎಂಟು ದಿನ ಹಿಡಿಯಿತು. ಹಾಸಿಗೆಯಲ್ಲಿ ಮಲಗಿಸಿ ಕೈಗೆ ಮೊಬೈಲ್ ಕೊಡುವ ನಮ್ಮ ಮನೆಗಳ 'ವಿಶ್ರಾಂತಿ' ಎರಡು ಬದಿಯಿಂದಲೂ ತಪ್ಪು ಎಂದಾಯಿತು.

ಮಿತಿಗಳೂ ಇವೆ

ಈ ಫಲಿತಾಂಶಗಳನ್ನು ಕಣ್ಣುಮುಚ್ಚಿ ಎಲ್ಲ ಮಕ್ಕಳಿಗೂ ಅನ್ವಯಿಸಲು ಬಾರದು. ಬಫೆಲೊ ಪ್ರಯೋಗಗಳಲ್ಲಿ ಇದ್ದವರು ಹದಿಹರೆಯದ ಕ್ರೀಡಾಪಟುಗಳು. ಮೊದಲೇ ಮೈ ಪಳಗಿದವರು, ಆಟಕ್ಕೆ ಮರಳುವ ಹಂಬಲ ಇದ್ದವರು. ಎಂಟು ವರ್ಷದ ಮಗುವಿಗೆ, ಆಟದ ಅಭ್ಯಾಸವೇ ಇಲ್ಲದ ಮಗುವಿಗೆ ಇದೇ ಪ್ರಮಾಣದ ಲಾಭ ಆದೀತೆಂದು ಆ ಪ್ರಯೋಗಗಳ ಬಲದಿಂದ ಹೇಳಲಾಗದು. ಭಾಗವಹಿಸಿದವರ ಸಂಖ್ಯೆಯೂ ನೂರರ ಆಸುಪಾಸು. ಕುತ್ತಿಗೆಗೆ ಪೆಟ್ಟಾಗಿದ್ದರೆ, ಸಮತೋಲನ ಅಥವಾ ದೃಷ್ಟಿಯ ತೊಂದರೆ ಮುಖ್ಯವಾಗಿದ್ದರೆ ಅದಕ್ಕೆ ತಕ್ಕ ಬೇರೆ ಚಿಕಿತ್ಸೆಯೂ ಬೇಕಾಗುತ್ತದೆ.

ಮಿದುಳಿನಲ್ಲಿ ರಕ್ತಸ್ರಾವವಾದ, ಬುರುಡೆ ಬಿರುಕುಬಿಟ್ಟ ಮಕ್ಕಳಿಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಕೈಕಾಲಿನ ಬಲ ಕುಗ್ಗುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಿವಿ ಮೂಗಿನಿಂದ ತಿಳಿನೀರು ಅಥವಾ ರಕ್ತ ಬರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಕಾನೂನು ಹುಟ್ಟಿದ ಬಗೆ

ವ್ಯಾಯಾಮ ಚಿಕಿತ್ಸೆ ಆರಂಭವಾಗುವುದು ಗಾಯವನ್ನು ಗುರುತಿಸಿದ ಮೇಲೆ. ಗುರುತಿಸುವ ಹೊಣೆ ಹೊತ್ತವರು ಮೈದಾನದಲ್ಲಿರುವ ಶಿಕ್ಷಕರು. ಇದನ್ನು ಅಮೆರಿಕ ದುಬಾರಿ ಬೆಲೆ ತೆತ್ತು ಕಲಿಯಿತು. 2006ರಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಝ್ಯಾಕರಿ ಲಿಸ್ಟೆಡ್ ಎಂಬ ಬಾಲಕ ಶಾಲಾ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟಾದ ಮೇಲೂ ಅದೇ ಪಂದ್ಯಕ್ಕೆ ಮರಳಿದ. ಆಟ ಮುಗಿಯುತ್ತಿದ್ದಂತೆ ಕುಸಿದು, ಶಸ್ತ್ರಚಿಕಿತ್ಸೆಗೊಳಗಾಗಿ, ಜೀವನಪರ್ಯಂತದ ಅಂಗವೈಕಲ್ಯಕ್ಕೆ ಗುರಿಯಾದ. 2009ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲೇ ಕಾಯ್ದೆ ತಂದಿತು. ಕನ್‌ಕಷನ್ ಶಂಕೆ ಬಂದ ಕೂಡಲೇ ಮಗುವನ್ನು ಹೊರಗೆ ಕರೆಯಬೇಕು, ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಮತ್ತೆ ಇಳಿಸುವಂತಿಲ್ಲ, ಪೋಷಕರಿಗೆ ಮುಂಚಿತವಾಗಿ ಮಾಹಿತಿ ನೀಡಿರಬೇಕು. 2014ರ ವೇಳೆಗೆ ಅಮೆರಿಕದ ಐವತ್ತೂ ರಾಜ್ಯಗಳು ಇಂಥ ಕಾಯ್ದೆ ಮಾಡಿಕೊಂಡವು. ಕೆನಡಾದ ಒಂಟಾರಿಯೊ ಪ್ರಾಂತ್ಯ, 2013ರಲ್ಲಿ ಮೃತಪಟ್ಟ 17ರ ರಗ್ಬಿ ಆಟಗಾರ್ತಿ ರೋವನ್ ಸ್ಟ್ರಿಂಗರ್ ನೆನಪಿನಲ್ಲಿ 2018ರಲ್ಲಿ 'ರೋವನ್ ಕಾಯ್ದೆ' ಅಂಗೀಕರಿಸಿತು.

ಭಾರತದ ಓದುಗರಿಗೆ ಕನ್‌ಕಷನ್ ಪದ ಪರಿಚಯವಾದದ್ದು ಹೆಚ್ಚಾಗಿ ಕ್ರಿಕೆಟ್‌ನಿಂದ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2019ರ ಆಗಸ್ಟ್‌ನಿಂದ ಬದಲಿ ಆಟಗಾರನ ನಿಯಮ ತಂದಿತು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲಿಗೆ ಮಾರ್ನಸ್ ಲಬುಶೇನ್ ಇಳಿದರು. ನವೆಂಬರ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಭಾರತದ ವಿರುದ್ಧದ ಟೆಸ್ಟ್‌ನಲ್ಲಿ ಬಾಂಗ್ಲಾದೇಶದ ಇಬ್ಬರು ಆಟಗಾರರಿಗೆ ಬದಲಿಗಳನ್ನು ಕೊಡಲಾಯಿತು. ಕೋಟಿಗಟ್ಟಲೆ ಸಂಭಾವನೆ ಪಡೆಯುವ ಆಟಗಾರನ ತಲೆಗಿರುವ ಈ ರಕ್ಷಣೆ ನಮ್ಮ ಶಾಲಾ ಮೈದಾನದ ಮಗುವಿನ ತಲೆಗಿಲ್ಲ. ಅಮೆರಿಕದ ಮಾದರಿಯ ಶಾಸನ ಕರ್ನಾಟಕದಲ್ಲಿಲ್ಲ.

ನಮ್ಮಲ್ಲಿ ಏನು ಸಾಧ್ಯ?

ಪಾಶ್ಚಾತ್ಯ ಅಧ್ಯಯನಗಳು ಆಟದ ಮೈದಾನದ ಸುತ್ತ ತಿರುಗಿದರೆ, ನಮ್ಮಲ್ಲಿ ತಲೆಗೆ ಪೆಟ್ಟಾಗುವ ಚಿತ್ರವೇ ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಅವರು 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಎಲ್ಲ ವಯಸ್ಸಿನವರನ್ನೂ ಸೇರಿಸಿ ಭಾರತದಲ್ಲಿ ಮಿದುಳಿನ ಗಾಯಗಳ ಪೈಕಿ ಸುಮಾರು ಶೇಕಡ 60ಕ್ಕೆ ರಸ್ತೆ ಅಪಘಾತ, ಶೇಕಡ 20ರಿಂದ 25ಕ್ಕೆ ಬೀಳುವುದು ಕಾರಣ. ಶಾಲೆಗೆ ಸ್ಕೂಟರ್‌ನಲ್ಲಿ ಹೋಗುವ ಮಗು, ತಾರಸಿಯಲ್ಲಿ ಗಾಳಿಪಟ ಬಿಡುವ ಮಗು ನಮ್ಮ ಲೆಕ್ಕದಲ್ಲಿ ಮೊದಲು ಬರಬೇಕು. ನಾಲ್ಕು ವರ್ಷ ಮೇಲ್ಪಟ್ಟವರಿಗೆ ಹೆಲ್ಮೆಟ್ ಕಡ್ಡಾಯವೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೂ ಹೆಲ್ಮೆಟ್ ಹಾಕಿಸಬೇಕೆಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಬೆಳಗ್ಗೆ ಎಂಟು ಗಂಟೆಗೆ ಯಾವುದೇ ಶಾಲೆಯ ಗೇಟಿನ ಮುಂದೆ ನಿಂತರೆ ನಿಯಮದ ಗತಿ ಏನಾಗಿದೆ ಎಂಬುದು ತಿಳಿಯುತ್ತದೆ.

ಚಿಕಿತ್ಸೆಯ ಮಾತಿಗೆ ಬಂದರೆ, ಟ್ರೆಡ್‌ಮಿಲ್ ಪರೀಕ್ಷೆ ಶ್ರೀಮಂತ ದೇಶಗಳ ಸೊತ್ತು ಎಂದು ಕೈಚೆಲ್ಲಬೇಕಾಗಿಲ್ಲ. ಹೃದಯ ತಪಾಸಣೆಗೆ ಬಳಸುವ 'ಟಿಎಂಟಿ' ಯಂತ್ರ ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲೂ ಇದೆ. ಕನ್‌ಕಷನ್ ಪರೀಕ್ಷೆಗೂ ಬೇಕಾಗುವುದು ಅಂಥದೇ ಯಂತ್ರ. ಆದರೆ ಹೃದ್ರೋಗಿಗಳಿಗೆ ಬಳಸುವ ಕ್ರಮಕ್ಕಿಂತ ಸೌಮ್ಯವಾದ ಕ್ರಮ, ಮತ್ತು ಅದನ್ನು ಬಲ್ಲ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಬೇಕು. ಕೊರತೆ ಇರುವುದು ಯಂತ್ರದ್ದಲ್ಲ, ಅರಿವಿನದು. ನರಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗ ಹೊಂದಿರುವ ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವಾಗ, ಜಿಲ್ಲಾ ಮಟ್ಟದ ವೈದ್ಯರಿಗೆ ಮತ್ತು ಫಿಸಿಯೋಥೆರಪಿಸ್ಟ್‌ಗಳಿಗೆ ತರಬೇತಿ ಕೊಡಿಸುವುದು ಸರ್ಕಾರಕ್ಕೆ ದೊಡ್ಡ ಹೊರೆಯೇನೂ ಅಲ್ಲ.

ಯಂತ್ರವೇ ಇಲ್ಲದ ಕಡೆಯೂ ದಾರಿಯಿದೆ. ವೈದ್ಯರು ಅಪಾಯದ ಲಕ್ಷಣಗಳಿಲ್ಲ ಎಂದು ಖಾತ್ರಿಪಡಿಸಿದ ಮೇಲೆ, ಆ್ಯಮ್‌ಸ್ಟರ್‌ಡ್ಯಾಮ್ ಹೇಳಿಕೆಯಂತೆ ಲಘು ವ್ಯಾಯಾಮವೆಂದರೆ ಗರಿಷ್ಠ ನಾಡಿ ಬಡಿತದ ಶೇಕಡ 55ರವರೆಗೆ. 220ರಲ್ಲಿ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. ಹದಿನಾಲ್ಕರ ಮಗುವಿಗೆ ಅದು 206, ಅದರ ಶೇಕಡ 55 ಎಂದರೆ ಸುಮಾರು 113. ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು, ಗಡಿಯಾರವೊಂದಿದ್ದರೆ ತಾಯಿಯೇ ಎಣಿಸಬಹುದು. 15 ಸೆಕೆಂಡಿಗೆ 28 ಬಡಿತ ದಾಟದಂತೆ ಪಾರ್ಕಿನಲ್ಲೋ ಓಣಿಯಲ್ಲೋ ನಡಿಗೆ. ತಲೆನೋವು ಹೆಚ್ಚಾದರೆ ನಿಲ್ಲಿಸಿ ಮನೆಗೆ. ಎಷ್ಟು ದಿನ, ಯಾವಾಗ ಹೆಚ್ಚಿಸಬೇಕು ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು.

ಪರೀಕ್ಷೆಯ ಒತ್ತಡ

ನಮ್ಮಲ್ಲಿ ಇನ್ನೊಂದು ತೊಡಕಿದೆ. ಆಟ ತಪ್ಪಿದರೆ ಪೋಷಕರಿಗೆ ಚಿಂತೆಯಿಲ್ಲ, ಪಾಠ ತಪ್ಪಿದರೆ ಜೀವ ಹೋದಂತೆ. ಎಸ್ಸೆಸ್ಸೆಲ್ಸಿ, ಪಿಯುಸಿ ವರ್ಷವಾದರಂತೂ ಕೇಳುವುದೇ ಬೇಡ. ತಲೆನೋವಿರುವ ಮಗು ಇಡೀ ದಿನ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಆನ್‌ಲೈನ್ ಪಾಠ ಮುಗಿಸುತ್ತದೆ. ಇಪ್ಪತ್ತು ನಿಮಿಷದ ನಡಿಗೆಗೆ ಮಾತ್ರ ಪುರುಸೊತ್ತಿಲ್ಲ. ತಜ್ಞರ ಸಲಹೆ ಇದಕ್ಕೆ ತಿರುಗಾಮುರುಗ. ಪೂರ್ಣ ಪ್ರಮಾಣದ ಆಟಕ್ಕಿಂತ ಮೊದಲು ಪೂರ್ಣ ಪ್ರಮಾಣದ ಶಾಲೆಗೆ ಮರಳಬೇಕು ನಿಜ. ಆದರೆ ಅದೂ ಹಂತಹಂತವಾಗಿಯೇ. ಮೊದಲು ಅರ್ಧ ದಿನ, ನಡುನಡುವೆ ಬಿಡುವು, ಕಿರುಪರೀಕ್ಷೆಗಳ ಮುಂದೂಡಿಕೆ, ಬರೆಯಲು ಹೆಚ್ಚು ಸಮಯ. ಇದಕ್ಕೆ ಹಣ ಬೇಡ, ವೈದ್ಯರ ಒಂದು ಚೀಟಿ ಮತ್ತು ಮುಖ್ಯೋಪಾಧ್ಯಾಯರ ಸಹಾನುಭೂತಿ ಸಾಕು.

ಶಾಲಾ ಶಿಕ್ಷಣ ಇಲಾಖೆ ಮನಸ್ಸು ಮಾಡಿದರೆ ಮೊದಲ ಹೆಜ್ಜೆ ಇಡುವುದು ಸುಲಭ. ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳು ಪ್ರತಿವರ್ಷ ನಡೆಯುತ್ತವೆ. ತಲೆಗೆ ಪೆಟ್ಟಾದ ಮಗುವನ್ನು ಅಂದು ಮತ್ತೆ ಆಡಿಸುವಂತಿಲ್ಲ ಎಂಬ ಒಂದು ಸಾಲಿನ ನಿಯಮ, ದೈಹಿಕ ಶಿಕ್ಷಕರಿಗೆ ಅರ್ಧ ದಿನದ ತರಬೇತಿ, ಪೋಷಕರ ಕೈಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ, ಇಷ್ಟಾದರೆ ಅರ್ಧ ಕೆಲಸ ಆದಂತೆ. ಆ ಹಾಳೆಯಲ್ಲಿ ಅಪಾಯದ ಲಕ್ಷಣಗಳ ಜೊತೆಗೆ 'ಎರಡು ದಿನದ ನಂತರ ನಡೆಸಿ' ಎಂಬ ಮಾತೂ ಇರಬೇಕು.

ಒಂದು ಕಾಲಕ್ಕೆ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. ಬೆನ್ನುನೋವಿಗೂ ಅದೇ ಉಪಚಾರವಿತ್ತು. ಎರಡೂ ಕಡೆ ವೈದ್ಯಲೋಕ ತನ್ನ ಮಾತನ್ನು ತಾನೇ ತಿದ್ದಿಕೊಂಡು ರೋಗಿಯನ್ನು ಎಬ್ಬಿಸಿ ನಡೆಸಿತು. ಮಿದುಳು ಅದುರಿದ ಮಗುವಿನ ವಿಷಯದಲ್ಲೂ ಆ ತಿದ್ದುಪಡಿ ಆಗಿದೆ. ಅದು ಸಂಶೋಧನಾ ಪತ್ರಿಕೆಗಳಿಂದ ಹೊರಬಂದು ನಮ್ಮ ಆಸ್ಪತ್ರೆಯ ಚೀಟಿಗೆ, ಶಾಲೆಯ ಮೈದಾನಕ್ಕೆ, ಮನೆಯ ಹಜಾರಕ್ಕೆ ತಲುಪಬೇಕಾಗಿದೆ. ತಲುಪುವುದು ತಡವಾದಷ್ಟೂ ಪರದೆ ಎಳೆದ ಕೋಣೆಯಲ್ಲಿ ಯಾವುದೋ ಮಗು ಅನಗತ್ಯವಾಗಿ ಇನ್ನೊಂದು ವಾರ ಕಳೆಯುತ್ತದೆ.